"ಏನ್ ತಿಂದ್ರಿ?" ಅಂತ ಕೇಳಬೇಡಿ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕ್ ಮಾಡುವವರ ಮಾತು ಕೇಳಿದ್ದೀರಾ? ರಾಜಕೀಯ ಸ್ವಲ್ಪ, ಮಕ್ಕಳ ಮದುವೆ ಸ್ವಲ್ಪ, ಉಳಿದದ್ದೆಲ್ಲ ಶುಗರ್. "ಫಾಸ್ಟಿಂಗ್ ಎಷ್ಟು ಬಂತು ಸಾರ್?" "140." "ಅಯ್ಯೋ, ಏನ್ ತಿಂದ್ರಿ?" ಈ ಕೊನೆಯ ಪ್ರಶ್ನೆ ಇದೆಯಲ್ಲ, ನನ್ನ ತಕರಾರು ಅದರ ಮೇಲೆ.

ಥೈರಾಯ್ಡ್ ಇದ್ದವರನ್ನು ಯಾರೂ ಹೀಗೆ ವಿಚಾರಣೆ ಮಾಡುವುದಿಲ್ಲ. ಶುಗರ್ ಇದ್ದವರು ಮಾತ್ರ ಕದ್ದು ತಿಂದು ಸಿಕ್ಕಿಬಿದ್ದವರ ಹಾಗೆ. ನಿದ್ದೆ ಕೆಟ್ಟರೂ ಶುಗರ್ ಏರುತ್ತದೆ. ಜ್ವರ, ಸೋಂಕು ಬಂದರೂ ಏರುತ್ತದೆ. ಮನೆಯಲ್ಲಿ ಜಗಳವಾದರೂ ಏರಬಹುದು. ರಾತ್ರಿ ಬೇಗ ಉಂಡು ಮಲಗಿದರೂ ಬೆಳಗಿನ ಜಾವ ಲಿವರ್ ತಾನೇ ರಕ್ತಕ್ಕೆ ಸಕ್ಕರೆ ಬಿಡುತ್ತದೆ. ಇದನ್ನೆಲ್ಲ ಯಾರಿಗೆ ಹೇಳುವುದು? ಮನೆಯವರ ಕಣ್ಣು ತಟ್ಟೆ ಮೇಲೇ.

ನನಗೂ ಶುಗರ್ ಇದೆ. ಗೊತ್ತಾದಾಗ ಭಯಕ್ಕಿಂತ ಮೊದಲು ನಾಚಿಕೆ ಆಯಿತು. ಮದುವೆ ಮನೆಯಲ್ಲಿ ಒಬ್ಬಟ್ಟು ಬಡಿಸುವವರು ಎಲೆ ಹತ್ತಿರ ಬಂದರೆ ಸಾಕು, ಅಕ್ಕ ಆ ಸಾಲಿನಿಂದ ಕೂಗುತ್ತಾಳೆ, "ಅವನಿಗೆ ಹಾಕ್ಬೇಡಿ, ಶುಗರ್ ಇದೆ!" ಇಡೀ ಪಂಕ್ತಿ ನನ್ನ ಕಡೆ ತಿರುಗುತ್ತದೆ. ಪ್ರೀತಿಗೇ ಕೂಗುತ್ತಾಳೆ, ಗೊತ್ತು. ಆದರೂ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಶುಗರ್ ಇದೆ. ಆ ಪಂಕ್ತಿಯಲ್ಲೇ ಇನ್ನೂ ನಾಲ್ಕೈದು ಜನ ಬಾಯಿ ಮುಚ್ಚಿಕೊಂಡು ಕೂತಿರುತ್ತಾರೆ, ಅಲ್ವಾ?

ನಾಚಿಕೆ ಇದ್ದಲ್ಲಿ ಸುಳ್ಳು ಶುರುವಾಗುತ್ತದೆ. ಟೆಸ್ಟಿಗೆ ಮೂರು ದಿನ ಮುಂಚೆ ಅನ್ನ ಬಂದ್, ಹಾಗಲಕಾಯಿ ರಸ ಶುರು. ರಿಪೋರ್ಟ್ ಚೆನ್ನಾಗಿ ಬಂದರೆ ಸೀದಾ ಮಸಾಲೆ ದೋಸೆಗೆ. ಎಚ್‌ಬಿಎ1ಸಿ ಟೆಸ್ಟ್ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ಅಲ್ಲಿ ಈ ಆಟ ನಡೆಯುವುದಿಲ್ಲ. ಬೈಸಿಕೊಳ್ಳುವ ಭಯಕ್ಕೆ ಆ ಟೆಸ್ಟನ್ನೇ ಮುಂದೂಡುವವರನ್ನು ನಾನು ಬಲ್ಲೆ.

ಮಂಡ್ಯ ಕಡೆ ನಮ್ಮ ಚಿಕ್ಕಪ್ಪ ಇದ್ದಾರೆ, ಕಬ್ಬು ಬೆಳೆಯುವವರು. "ಬಾರ್ಡರಲ್ಲೈತೆ ಕಣ್ಲಾ, ಅಷ್ಟೇಯ" ಅಂತ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದರು. ಫಾಸ್ಟಿಂಗ್, ಅಂದರೆ ಖಾಲಿ ಹೊಟ್ಟೆಯ ಶುಗರ್, 126 ಮುಟ್ಟಿದರೆ ಬಾರ್ಡರ್ ದಾಟಿದ ಹಾಗೆ ಅಂದರೆ, "ನೀನೇನ್ ಡಾಕ್ಟ್ರಾ?" (ಮುದ್ದೆ ತಿಂದರೆ ಶುಗರ್ ಏರುವುದೇ ಇಲ್ಲ ಅನ್ನುವುದು ಇನ್ನೊಂದು ನಂಬಿಕೆ. ರಾಗಿಯಲ್ಲೂ ಹೆಚ್ಚುಕಡಿಮೆ ಅಕ್ಕಿಯಷ್ಟೇ ಪಿಷ್ಟ ಇದೆ, ನಾರು ಜಾಸ್ತಿ ಅಷ್ಟೆ. ಮಂಡ್ಯದವರು ಬೈಯಬೇಡಿ.)

ಈಗ ಡಾಕ್ಟರು ಇನ್ಸುಲಿನ್ ಹೇಳಿದ್ದಾರೆ. ಚಿಕ್ಕಪ್ಪ ಬಿಲ್‌ಕುಲ್ ಒಪ್ಪುತ್ತಿಲ್ಲ. "ಸೂಜಿಗ್ ಬಂದ್ರೆ ಮುಗೀತು." ಅವರ ಊರಲ್ಲಿ ಒಬ್ಬರು ಸೂಜಿ ಶುರು ಮಾಡಿದ ಸ್ವಲ್ಪ ದಿನಕ್ಕೇ ಕಾಲು ಕಳೆದುಕೊಂಡಿದ್ದರು. ಅದಕ್ಕೆ ಮುಂಚೆ ವರ್ಷಾನುಗಟ್ಟಲೆ ಶುಗರ್ ಒಳಗೊಳಗೇ ನರ, ರಕ್ತನಾಳ ಹಾಳು ಮಾಡಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಕೊನೆಗೆ ಬಂದ ಸೂಜಿ ಎಲ್ಲರಿಗೂ ಕಂಡಿತು, ಅಪವಾದ ಅದರ ತಲೆಗೆ ಬಂತು. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿಯುವ ತನಕ ಟೈಪ್ 1 ಶುಗರ್ (ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸುವ ಬಗೆ) ಬಂದ ಮಕ್ಕಳು ಹೆಚ್ಚು ದಿನ ಬದುಕುತ್ತಲೇ ಇರಲಿಲ್ಲ. ಬದುಕಿಸಿದ ಮದ್ದಿಗೇ ನಾವು ಹೆದರುತ್ತಿದ್ದೇವೆ.

1995ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಪೊಲೊನ್ಸ್ಕಿ ಮತ್ತು ಸಂಗಡಿಗರು ಶುಗರ್ ಇದ್ದವರಿಗೆ ಕೇಳುವ 20 ಪ್ರಶ್ನೆಗಳ ಒಂದು ಪಟ್ಟಿ ಪ್ರಕಟಿಸಿದರು. ಶುಗರ್ ಎಷ್ಟಿದೆ ಅಂತ ಅದು ಕೇಳುವುದಿಲ್ಲ. ಸದಾ ಊಟದ್ದೇ ಚಿಂತೆಯಾ, ಪಥ್ಯ ತಪ್ಪಿದಾಗ ಮನಸ್ಸು ಚುಚ್ಚುತ್ತದಾ, ಒಂಟಿ ಅನ್ನಿಸುತ್ತದಾ, ಇದನ್ನೇ ದಿನಾ ಮಾಡಿ ಸಾಕಾಗಿದೆಯಾ, ಇಂಥವನ್ನು ಕೇಳುತ್ತದೆ. ನಮ್ಮ ಕ್ಲಿನಿಕ್‌ಗಳಲ್ಲಿ ಟೋಕನ್ ಹಿಡಿದು ಕೂತವರ ಸಾಲು ನೋಡಿದರೆ ಡಾಕ್ಟರಿಗೆ ಇದಕ್ಕೆಲ್ಲ ಪುರುಸೊತ್ತು ಎಲ್ಲಿ, ಪಾಪ. ಮನೆಯವರಾದರೂ ಕೇಳಬಹುದಲ್ಲ.

ಚಿಕ್ಕಮ್ಮ ಬೈಯುವುದು ಬಿಟ್ಟಿದ್ದಾರೆ. ಈಗ ಎಲ್ಲರಿಗೂ ಒಂದೇ ಅಡುಗೆ, ಮುದ್ದೆ ಚಿಕ್ಕದು, ಉಪ್ಸಾರಿನ ಜೊತೆ ಸೊಪ್ಪು ಕಾಳು ಜಾಸ್ತಿ. ಚಿಕ್ಕಪ್ಪ ಮನೆಯಲ್ಲೇ ಮೀಟರ್‌ನಲ್ಲಿ ನೋಡಿಕೊಂಡು, ಜಾಸ್ತಿ ಬಂದರೂ ಬರೆದಿಡುತ್ತಿದ್ದಾರೆ. ಇನ್ಸುಲಿನ್‌ಗೆ ಇನ್ನೂ ಒಪ್ಪಿಲ್ಲ. ಮುಂದಿನ ಸಲ ನಾನೂ ಜೊತೆಗೆ ಹೋಗುತ್ತೇನೆ. ಇನ್ಸುಲಿನ್ ಪೆನ್ನಿನ ಸೂಜಿ ಎಷ್ಟು ಸಣ್ಣದು ಅಂತ ಅವರ ಕೈಗೇ ಕೊಟ್ಟು ತೋರಿಸಿ ಅಂತ ಡಾಕ್ಟರಿಗೆ ಹೇಳಬೇಕು.