ಚೀಟಿ ತಲುಪಿದೆ

ಈ ಭಾನುವಾರ ನನ್ನ ಸೆಟ್ ದೋಸೆ ತಣ್ಣಗಾಗಿ ರಬ್ಬರ್ ಆಯಿತು. ಇದರಲ್ಲಿ ಹೋಟೆಲಿನವರ ತಪ್ಪು ಏನೂ ಇಲ್ಲ. ತಪ್ಪೆಲ್ಲ ಲಂಡನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಅವರದ್ದು.

ನಾವು ನಾಲ್ಕು ಜನ, ಎಲ್ಲರಿಗೂ ನಲವತ್ತು ದಾಟಿದೆ. ಭಾನುವಾರ ವಾಕಿಂಗ್ ಅಂತ ಮನೆಯಲ್ಲಿ ಹೇಳಿ ಹೊರಡುತ್ತೇವೆ, ಹೋಟೆಲಿನವರೆಗೆ ನಡೆಯುತ್ತೇವೆ. ಮೊದಲ ಕಾಫಿಗೆ ಮಂಡಿನೋವು, ಇ-ಖಾತಾ, ಮಕ್ಕಳ ಫೀಸು. ಎರಡನೇ ಕಾಫಿ ಬರುವ ಹೊತ್ತಿಗೆ ಯಾರಾದರೂ ಒಬ್ಬರು ನಿಟ್ಟುಸಿರು ಬಿಟ್ಟು, 'ಆದ್ರೂ ಆ ಹಾಡು ಬಿಟ್ಟಿದ್ದು ಸರಿಯಿಲ್ಲ ಕಣೋ' ಅಂತಾರೆ. ಮುಗೀತು.

ಮೇಡನ್‌ಗೆ ಐವತ್ತು ವರ್ಷ ಆಯಿತು ಅಂತ 2025ರಲ್ಲಿ ಶುರು ಮಾಡಿದ ಪ್ರವಾಸದಲ್ಲಿ 1980ರಿಂದ 1992ರವರೆಗಿನ ಒಂಬತ್ತು ಆಲ್ಬಮ್‌ಗಳ ಹಾಡು ಮಾತ್ರ. ನಮ್ಮಲ್ಲೊಬ್ಬನಿಗೆ ಇದು ಸ್ವರ್ಗ. ಇನ್ನೊಬ್ಬ, 'ಹಾಗಾದ್ರೆ 1992ರ ಮೇಲೆ ಅವರೇನು ಕಡ್ಲೆಕಾಯಿ ಮಾರ್ತಿದ್ರಾ?' ಅಂತ ಮೇಜು ಕುಟ್ಟುತ್ತಾನೆ. ಇದೇ ಪುಣ್ಯಾತ್ಮ, 2006ರಲ್ಲಿ ಅವರು ಹೊಸ ಆಲ್ಬಮ್ಮಿನ ಹತ್ತಕ್ಕೆ ಹತ್ತೂ ಹಾಡನ್ನು ಸಾಲಾಗಿ ನುಡಿಸಿದಾಗ, ಹಳೆಯದೆಲ್ಲಿ ಅಂತ ಕೂಗಾಡಿದ್ದ. 2023ರಲ್ಲಿ 'ದಿ ನಂಬರ್ ಆಫ್ ದಿ ಬೀಸ್ಟ್' ಮತ್ತು 'ರನ್ ಟು ದಿ ಹಿಲ್ಸ್' ಎರಡನ್ನೂ ಕೈಬಿಟ್ಟಾಗಲೂ ಕೂಗಾಡಿದ. ಗಂಡಿನ ಕಡೆಯವರು ಬಾಳೆಎಲೆ ಮುಂದೆ ಕೂತಾಗಲೂ ಇಷ್ಟು ಕೊಂಕು ತೆಗೆಯಲ್ಲ. ಅದೂ ಹೋಗಲಿ, ಈ ಮೂರು ಹಾಡಿನ ಪಟ್ಟಿಗಳಲ್ಲಿ ಒಂದನ್ನೂ ನಾವ್ಯಾರೂ ಎದುರಿಗೆ ನಿಂತು ಕೇಳಿಲ್ಲ! ಎಲ್ಲೋ ಬುಡಾಪೆಸ್ಟ್‌ನಲ್ಲಿ ಯಾರಿಗೋ ಬಡಿಸಿದ ಊಟಕ್ಕೆ ಇಲ್ಲಿ ಬೆಂಗಳೂರಿನ ಹನುಮಂತನಗರದಲ್ಲಿ ನಮ್ಮ ಎಲೆ ಜಗಳ.

ಇವರಿಬ್ಬರನ್ನೂ ತಡೆದುಕೊಳ್ಳಬಹುದು. ಮೂರನೆಯವನ ಹೆಸರು ಚೀಟಿ. ಹುಟ್ಟುವಾಗ ಬೇರೆ ಹೆಸರಿತ್ತು.

2007ರ ಮಾರ್ಚ್ 17, ಶನಿವಾರ. ಮೇಡನ್ ಮೊದಲ ಸಲ ಭಾರತಕ್ಕೆ ಬಂದಿದ್ದರು, ಅದೂ ನಮ್ಮ ಅರಮನೆ ಮೈದಾನಕ್ಕೆ. ಐದು ಜನ ಕಪ್ಪು ಟೀ ಶರ್ಟ್ ಹಾಕಿಕೊಂಡು ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸಿಳಿದೆವು. ನೂಕಿಕೊಂಡು, ತುಳಿಸಿಕೊಂಡು ಮುಂದೆ ಹೋಗಿ ಬೇಲಿ ಹತ್ತಿರ ನಿಂತೆವು. ಹೊಸ ಆಲ್ಬಮ್ಮಿನ ಒಂದು ಉದ್ದ ಹಾಡು ನಡೆಯುತ್ತಿದ್ದಾಗ ಇವನು ಪ್ಯಾಂಟಿನ ಜೇಬಿನಿಂದ ಒಂದು ಚೀಟಿ ತೆಗೆದ. ನಾಲ್ಕು ಮಡಿಕೆ ಮಾಡಿದ ರೂಲ್ಡ್ ಹಾಳೆ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ವೇದಿಕೆಗೆ ಚೀಟಿ ಕಳಿಸುತ್ತಿದ್ದೆವಲ್ಲ, ಥೇಟ್ ಹಾಗೆ. ದುಂಡಗಿನ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಕೋರಿಕೆ: 'ದಯವಿಟ್ಟು ಅಲೆಕ್ಸಾಂಡರ್ ದಿ ಗ್ರೇಟ್ ಹಾಡಿ.' ಕೆಳಗೆ ಅಭ್ಯಾಸಬಲದಿಂದ ಕನ್ನಡದಲ್ಲೇ 'ಇಂತಿ, ಹನುಮಂತನಗರದ ಅಭಿಮಾನಿಗಳು'.

ಬೇಲಿಯಾಚೆ ಆರಡಿ ಬೌನ್ಸರ್. ಅವನಿಗೆ ಚೀಟಿ ಕೊಟ್ಟು, ವೇದಿಕೆ ಕಡೆ ಕೈ ತೋರಿಸಿ, 'ಬ್ರೂಸ್‌ಗೆ, ಬ್ರೂಸ್‌ಗೆ' ಅಂತ ಕಿರುಚಿದ. ನಲವತ್ತು ಅಡಿ ದೂರದಲ್ಲಿ ಮೇಡನ್‌ನ ಗಾಯಕ ಬ್ರೂಸ್ ಡಿಕಿನ್ಸನ್ ಸ್ಪೀಕರ್ ಹತ್ತಿ ಹಾರುತ್ತಿದ್ದ, ಅದು ಪಾಪ ಅವನ ಕೆಲಸ. ಬೌನ್ಸರ್ ಚೀಟಿ ಬಿಚ್ಚಿ ಓದಿದ. ತಿರುಗಿಸಿ ಹಿಂದೆಯೂ ನೋಡಿದ. ದುಡ್ಡೇನಾದರೂ ಇದೆಯಾ ಅಂತ ಇರಬೇಕು, ಯಾಕೆಂದರೆ ಆರ್ಕೆಸ್ಟ್ರಾದಲ್ಲಿ ಚೀಟಿ ಜೊತೆ ಹತ್ತು ರೂಪಾಯಿ ಪಿನ್ ಮಾಡುವ ಪದ್ಧತಿ ಅವನಿಗೂ ಗೊತ್ತಿದ್ದೀತು. ಇರಲಿಲ್ಲ. ಸಣ್ಣಗೆ ಸುರುಳಿ ಸುತ್ತಿ, ಕಿವಿಗೆ ಹಾಕಿ, ಕಣ್ಣು ಮುಚ್ಚಿ ನಿಧಾನಕ್ಕೆ ತಿರುಗಿಸಿಕೊಂಡ. ಅಷ್ಟು ಸದ್ದಿನಲ್ಲಿ ಅಷ್ಟು ನೆಮ್ಮದಿಯ ಮುಖ ನಾನು ಮತ್ತೆಲ್ಲೂ ನೋಡಿಲ್ಲ.

'ತಲುಪಿಸ್ತಾನೆ ಬಿಡು' ಅಂದ ಚೀಟಿ.

ಆ ರಾತ್ರಿ ಆ ಹಾಡು ಬರಲಿಲ್ಲ. 2009ರಲ್ಲಿ ಮತ್ತೆ ಬೆಂಗಳೂರಿಗೆ ಬಂದರು, ಆಗಲೂ ಇಲ್ಲ. 1986ರ ಹಾಡು ಅದು, ಒಮ್ಮೆಯೂ ವೇದಿಕೆ ಹತ್ತಿರಲಿಲ್ಲ. ಕೊನೆಗೆ 2023ರ ಮೇ ತಿಂಗಳಲ್ಲಿ ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ನುಡಿಸಿಯೇ ಬಿಟ್ಟರು. ಬೆಳಿಗ್ಗೆ ಆರಕ್ಕೆ ಚೀಟಿಯ ಫೋನು. 'ತಲುಪಿದೆ ಕಣೋ!'

ಹದಿನಾರು ವರ್ಷ ತಡ ಆಯ್ತಲ್ಲೋ ಅಂದರೆ, ನಮ್ಮ ಅಂಚೆ ಅಂದ.

ಅವತ್ತಿನ ಐದನೆಯವನು ಈಗ ಜರ್ಮನಿಯಲ್ಲಿದ್ದಾನೆ. ಆ ಬೇಸಿಗೆ ಅವನು ಅಲ್ಲಿ ಮೇಡನ್ ನೋಡಲು ಹೋದ. ಆ ಹಾಡು ಶುರುವಾದ ತಕ್ಷಣ ಚೀಟಿಗೆ ಫೋನ್ ಮಾಡಿ ಮೇಲೆತ್ತಿ ಹಿಡಿದ. ಇಲ್ಲಿ ರಾತ್ರಿ ಒಂದೂವರೆ. ಮನೆಯವರು ಏಳಬಾರದು ಅಂತ ಚೀಟಿ ತಾರಸಿಗೆ ಹೋಗಿ, ಸಿಂಟೆಕ್ಸ್ ಪಕ್ಕ ನಿಂತು ಎಂಟೂವರೆ ನಿಮಿಷ ಕೇಳಿದನಂತೆ. ಏನು ಕೇಳಿಸಿತು ಅಂದೆ. 'ಮಿಕ್ಸಿ ಓಡಿದ ಹಾಗಿತ್ತು' ಅಂದ. ಸ್ವಲ್ಪ ಹೊತ್ತು ಬಿಟ್ಟು, 'ಮಧ್ಯದಲ್ಲಿ ಒಂದು ಸಲ ಅವನು ನನ್ನ ಹೆಸರು ಕೂಗಿದ. ಚೀಟಿ ಅಂತಲ್ಲ, ಹೆಸರು' ಅಂದ. ಆ ಭಾನುವಾರ ಯಾರೂ ಜಾಸ್ತಿ ಮಾತಾಡಲಿಲ್ಲ, ದೋಸೆ ಬಿಸಿಬಿಸಿಯಾಗೇ ತಿಂದೆವು.

ಅಲ್ಲಿಗಾದರೂ ನಿಲ್ಲಬೇಕಿತ್ತು, ಅಲ್ವಾ? 2025ರ ಪ್ರವಾಸದ ಪಟ್ಟಿಯಲ್ಲಿ ಅಲೆಕ್ಸಾಂಡರ್ ಮತ್ತೆ ಇಲ್ಲ. ಡ್ರಮ್ಮರ್ ನಿಕೊ ಮೆಕ್‌ಬ್ರೇನ್ 2024ರ ಡಿಸೆಂಬರಿನಲ್ಲಿ ಪ್ರವಾಸ ಸಾಕು ಅಂತ ಕೆಳಗಿಳಿದಿದ್ದಾರೆ. ಬ್ರೂಸ್ 1958ರಲ್ಲಿ ಹುಟ್ಟಿದವರು. ಇನ್ನೆಷ್ಟು ಸಲ ಹಾರುತ್ತಾರೋ, ಇರುವಷ್ಟು ದಿನ ಏನು ಹಾಡುತ್ತಾರೋ ಕೇಳೋಣ ಅಂದೆ. ಚೀಟಿ ಒಪ್ಪಲಿಲ್ಲ. ಬಿಲ್ಲಿನ ಹಿಂದೆ ತನ್ನದೇ ಪಟ್ಟಿ ಬರೆಯತೊಡಗಿದ. ಮೊದಲ ಕೆಲಸವಾಗಿ 'ಫಿಯರ್ ಆಫ್ ದಿ ಡಾರ್ಕ್' ಹೊಡೆದುಹಾಕಿದ, ಕೇಳಿ ಕೇಳಿ ಸಾಕಾಗಿದೆಯಂತೆ. 2007ರಲ್ಲಿ ಇಡೀ ಮೈದಾನ ಅದನ್ನು ಗುನುಗುವಾಗ ನನ್ನ ಭುಜ ಹಿಡಿದುಕೊಂಡು ಅತ್ತವನು ಇವನೇ. ಆಮೇಲೆ ಒಂದೊಂದು ಹಾಡಿಗೂ ನಿಮಿಷ ಕೂಡಿಸಿದ. ನಾಲ್ಕು ಗಂಟೆ ಹತ್ತು ನಿಮಿಷ. ಅದರಲ್ಲಿ 'ರೈಮ್ ಆಫ್ ದಿ ಏನ್ಶಿಯಂಟ್ ಮ್ಯಾರಿನರ್' ಒಂದೇ ಹದಿಮೂರು ನಿಮಿಷಕ್ಕೂ ಜಾಸ್ತಿ. ಮಧ್ಯೆ ಅವರು ಬಾತ್‌ರೂಮಿಗೆ ಹೋಗೋದು ಬೇಡ್ವೇನೋ ಅಂದರೆ, ಗಿಟಾರ್ ಸೋಲೋ ಇರೋದು ಮತ್ತೆ ಯಾಕೆ ಅಂದ.

ಸಪ್ಲೈಯರ್ ಬಂದು ಬಿಲ್ ಎತ್ತಿಕೊಂಡ. ಹಿಂದೆ ಬರೆದದ್ದು ಕಂಡು ಹೊಸ ಆರ್ಡರ್ ಅಂದುಕೊಂಡ ಅಂತ ಕಾಣುತ್ತೆ. 'ಲೋನ್ಲಿನೆಸ್ ಆಫ್ ದಿ ಲಾಂಗ್ ಡಿಸ್ಟೆನ್ಸ್ ರನ್ನರ್' ಅಂತ ಕಷ್ಟಪಟ್ಟು ಓದಿ, 'ಇದು ನಮ್ಮಲ್ಲಿಲ್ಲ ಸಾರ್' ಅಂದ.

'ಅವರಲ್ಲೂ ಇಲ್ಲ ಬಿಡಪ್ಪ' ಅಂದೆ.