ಚಕ್ಕಡಿ ಜಾತ್ರೆಗೆ ಟಿಕೆಟ್ ಇಲ್ಲ, ಜೀಪ್ ಜಾತ್ರೆಗೆ ಇದೆ

ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಪ್ರತಿ ಮೇ ತಿಂಗಳು ಓವರ್‌ಲ್ಯಾಂಡ್ ಎಕ್ಸ್‌ಪೋ ನಡೆಯುತ್ತದೆ. ನಾವಿರುವ ಫೀನಿಕ್ಸ್‌ನಿಂದ ಹೆಚ್ಚುಕಡಿಮೆ 230 ಕಿಲೋಮೀಟರ್. ಗಾಡಿಯನ್ನೇ ಮನೆ ಮಾಡಿಕೊಂಡು, ಡಾಂಬರಿಲ್ಲದ ದಾರಿಯಲ್ಲಿ ದಿನಗಟ್ಟಲೆ ತಿರುಗುವವರ ಮೇಳ ಅದು. ಇಲ್ಲಿನ ಕನ್ನಡದ ಗೆಳೆಯರಲ್ಲಿ ಅರ್ಧ ಜನಕ್ಕೆ ಹೋಗುವ ಆಸೆ ಇದೆ, ಹೋಗುವವರು ಇಬ್ಬರೋ ಮೂವರೋ. ಯಾಕ್ರೀ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ, ಟಿಕೆಟ್ ಜಾಸ್ತಿ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಟಿಕೆಟ್ ಕಣ್ಣಿಗೆ ಕಾಣುವ ಖರ್ಚು. ಕುಟುಂಬವನ್ನು ಮನೆಯಲ್ಲೇ ಕೂರಿಸುವ ಖರ್ಚುಗಳು ಬೇರೆ ಇವೆ, ಮತ್ತು ಅವನ್ನು ಕಡಿಮೆ ಮಾಡುವುದು ಮೇಳ ನಡೆಸುವವರಿಗೆ ಅಂಥ ಕಷ್ಟದ ಕೆಲಸವೇನಲ್ಲ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಈ ಎಕ್ಸ್‌ಪೋವನ್ನು 2009ರಲ್ಲಿ ಶುರು ಮಾಡಿದವರು ಜೊನಾಥನ್ ಮತ್ತು ರೋಸ್‌ಆನ್ ಹ್ಯಾನ್ಸನ್ ಎಂಬ ಗಂಡ ಹೆಂಡತಿ. ಮೊದಲ ಮೇಳ ಇದೇ ಅರಿಜೋನಾದ ಪ್ರೆಸ್ಕಾಟ್‌ನಲ್ಲಿ, ಚಿಕ್ಕದಾಗಿ ನಡೆಯಿತು. ಇವತ್ತು ಅದು ಬೆಳೆದು ಕೊಲರಾಡೋ, ಆರೆಗಾನ್, ವರ್ಜಿನಿಯಾ ಕಡೆಗೂ ಹೋಗಿದೆ. ಕೈ ಬದಲಾಗಿ, ದೊಡ್ಡ ದೊಡ್ಡ ಟ್ರೇಡ್ ಶೋ ನಡೆಸುವ ಕಂಪನಿಯ ಪಾಲಾಗಿದೆ. ಫ್ಲ್ಯಾಗ್‌ಸ್ಟಾಫ್‌ನಲ್ಲಿ ನಡೆಯುವ ಜಾಗ ಫೋರ್ಟ್ ಟಟ್‌ಹಿಲ್ ಎಂಬ ಕೌಂಟಿ ಪಾರ್ಕ್. 7000 ಅಡಿ ಎತ್ತರ, ಸುತ್ತ ಪಾಂಡರೋಸಾ ಪೈನ್ ಕಾಡು. ಫೀನಿಕ್ಸ್‌ನಲ್ಲಿ ಮೇ ತಿಂಗಳಿಗೇ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಬೇಯುತ್ತಿರುವಾಗ ಅಲ್ಲಿ ರಾತ್ರಿ ಸ್ವೆಟರ್ ಬೇಕು. ಅಷ್ಟಕ್ಕೇ ಹೋಗಬೇಕು ಅನಿಸುತ್ತದೆ, ಗಾಡಿ ಗೀಡಿ ಆಮೇಲಿನ ಮಾತು.

ಈಗ ಖರ್ಚಿಗೆ ಬರೋಣ. ನಮ್ಮದು ಒಂದೇ ಸಂಬಳದ ಮನೆ. ಇಲ್ಲಿ ಗಂಡನ ಕೆಲಸದ ವೀಸಾದ ಬೆನ್ನಿಗೆ ಸಿಗುವ ಎಚ್-4 ವೀಸಾದಲ್ಲಿರುವ ಎಷ್ಟೋ ಹೆಣ್ಣುಮಕ್ಕಳು ಓದಿದ್ದರೂ ಕೆಲಸಕ್ಕೆ ಹೋಗುವಂತಿಲ್ಲ, ಆದ್ದರಿಂದ ಹೊರಗಿನಿಂದ ನೋಡುವವರು ಅಂದುಕೊಂಡಷ್ಟು ಡಾಲರು ಎಲ್ಲರ ಮನೆಯಲ್ಲೂ ಉದುರುವುದಿಲ್ಲ. ಪೆಟ್ರೋಲು ದೊಡ್ಡ ಮಾತಲ್ಲ, ಹೋಗಿ ಬರಲು ಒಂದು ಟ್ಯಾಂಕ್ ಸಾಕು. ಒಂದು ದಿನದ ಪ್ರವೇಶವನ್ನೂ ಹೇಗೋ ಸಹಿಸಬಹುದು. ಆದರೆ ಮೇಳದ ನಿಜವಾದ ರುಚಿ ಇರುವುದು ಒಳಗೆ ಟೆಂಟ್ ಹಾಕಿ ಉಳಿಯುವುದರಲ್ಲಿ, ಕೆಸರಲ್ಲಿ ಸಿಕ್ಕಿಬಿದ್ದ ಗಾಡಿ ಎಳೆಯುವುದು ಹೇಗೆ, ದಾರಿಯಲ್ಲಿ ಟೈರ್ ರಿಪೇರಿ ಹೇಗೆ ಅಂತ ಹೇಳಿಕೊಡುವ ಪಾಠಗಳಲ್ಲಿ. ಆ ಎಲ್ಲ ಸೇರಿದ ಪ್ಯಾಕೇಜ್‌ಗೆ ನೂರಾರು ಡಾಲರ್. ಒಳಗೆ ಉಳಿಯುವುದು ಬೇಡ, ಹೊರಗೆ ಮೋಟೆಲ್ ಹಿಡಿಯೋಣ ಅಂದರೆ ಆ ವಾರಾಂತ್ಯ ಫ್ಲ್ಯಾಗ್‌ಸ್ಟಾಫ್‌ನ ಮೋಟೆಲ್‌ಗಳು ಮದುವೆ ಸೀಸನ್ನಿನ ಛತ್ರದ ಹಾಗೆ ಆಡುತ್ತವೆ. ಮಾಮೂಲಿ ದಿನದ ಬಾಡಿಗೆ ಕೇಳಿದರೆ ನಗುತ್ತಾರೆ. ಊಟ ಫುಡ್ ಟ್ರಕ್‌ನಲ್ಲಿ. ಮಕ್ಕಳಿಗೆ ಒಂದೊಂದು ಬರ್ಗರ್, ನಿಂಬೆ ಪಾನಕ ಅಂತ ಕೊಡಿಸುವಷ್ಟರಲ್ಲಿ ಮನೆಯಲ್ಲಿ ನಾಲ್ಕು ದಿನ ಅಡುಗೆ ಮಾಡುವ ದುಡ್ಡು ಹೋಗಿರುತ್ತದೆ. ಸಸ್ಯಾಹಾರ ಕೇಳಿದರೆ ಫ್ರೆಂಚ್ ಫ್ರೈಸ್. ಶುಕ್ರವಾರದಿಂದಲೇ ಶುರುವಾಗುವುದರಿಂದ ಒಂದು ದಿನ ರಜೆ ಹಾಕಬೇಕು, ಗಂಟೆ ಲೆಕ್ಕದ ಸಂಬಳದವರಿಗೆ ಆ ದಿನದ ಕೂಲಿಯೂ ಖೋತಾ. ಮೇ ತಿಂಗಳು ಶಾಲೆ ಮುಗಿಯುವ ಗಡಿಬಿಡಿ ಬೇರೆ.

ಇದೆಲ್ಲಕ್ಕಿಂತ ದೊಡ್ಡ ಖರ್ಚು ಮೇಳದೊಳಗೆ ಹೊಕ್ಕ ಮೇಲೆ ಶುರುವಾಗುತ್ತದೆ. ಸಾಲಾಗಿ ನಿಂತ ಗಾಡಿಗಳನ್ನು ನೋಡಬೇಕು ನೀವು. ಐದು ಲಕ್ಷ ಡಾಲರ್ ಮೀರಿದ ಮನೆಯಂಥ ಟ್ರಕ್‌ಗಳು, ತಲೆಯ ಮೇಲೆ ಟೆಂಟ್ ಹೊತ್ತ ಜೀಪುಗಳು, ಅಡುಗೆಮನೆಯನ್ನೇ ಡ್ರಾಯರಿನಂತೆ ಹೊರಗೆಳೆಯುವ ಪಿಕಪ್‌ಗಳು. ಗಾಡಿಯ ಮೇಲೆ ಕೂರಿಸುವ ಟೆಂಟ್ ಒಂದಕ್ಕೇ ಸಾವಿರದಿಂದ ನಾಲ್ಕು ಸಾವಿರ ಡಾಲರ್. ನೆಲದ ಮೇಲೆ ಹಾಕುವ ನಾಲ್ಕು ಜನರ ಟೆಂಟು ಇಲ್ಲಿನ ಯಾವುದೇ ದೊಡ್ಡ ಅಂಗಡಿಯಲ್ಲಿ ನೂರು ಡಾಲರಿನ ಆಸುಪಾಸಿಗೆ ಸಿಗುತ್ತದೆ, ಮಳೆಯನ್ನೂ ತಡೆಯುತ್ತದೆ. ಆದರೆ ಇಡೀ ಮೇಳದಲ್ಲಿ ಆ ಮಾತನ್ನು ಹೇಳುವವರು ಯಾರಿದ್ದಾರೆ? ಒಂದು ಮಳಿಗೆಯಲ್ಲಿ ಫ್ರಿಜ್‌ನ ಬೆಲೆ ಕೇಳಿದೆ. ಅವನು ಬೆಲೆ ಹೇಳುವ ಮೊದಲು ನನ್ನ ರಿಗ್, ಅಂದರೆ ಗಾಡಿ, ಯಾವುದು ಅಂತ ಕೇಳಿದ. ಮಿನಿವ್ಯಾನ್ ಅಂದೆ. ಹಲ್ಲು ಬಿಟ್ಟು ನಕ್ಕು ಪಕ್ಕದವನ ಕಡೆ ತಿರುಗಿದ. ಅಲ್ಲಪ್ಪಾ, ಏಳು ಜನ ಕೂರುವ, ಸೀಟು ಮಡಚಿದರೆ ಮೂವರು ಮಲಗುವ ಗಾಡಿಗಿಂತ ಸಂಸಾರಸ್ಥನಿಗೆ ಇನ್ನೇನು ಬೇಕು? ಕಾಡಿನ ಎಷ್ಟೋ ಮಣ್ಣುದಾರಿಗಳಿಗೆ ಒಣಗಿದ ದಿನಗಳಲ್ಲಿ ಅದೇ ಸಾಕು. ದೊಡ್ಡ ಗಾಡಿ ಇಲ್ಲದೆ ಹೊರಟರೆ ಪ್ರಯಾಣವೇ ಅಲ್ಲ ಅನ್ನುವ ಭಾವನೆಯನ್ನು ಹುಟ್ಟಿಸುವುದೇ ಅಲ್ಲಿನ ವ್ಯಾಪಾರ. ಮಗ ಮನೆಗೆ ಬಂದು ಒಂದು ತಿಂಗಳು ಜೀಪ್ ಜೀಪ್ ಅಂತ ಜಪ ಮಾಡಿದ. ಅದನ್ನು ಯಾವ ಲೆಕ್ಕಕ್ಕೆ ಸೇರಿಸೋಣ?

ಇನ್ನೊಂದು ಮೇಳ ಇದೆ. ಅದೂ ಅರಿಜೋನಾದಲ್ಲೇ, ಫೀನಿಕ್ಸ್‌ನಿಂದ ಪಶ್ಚಿಮಕ್ಕೆ ಎರಡು ಗಂಟೆ ದಾರಿ. ಊರಿನ ಹೆಸರು ಕ್ವಾರ್ಟ್ಸೈಟ್. ಖಾಯಂ ಆಗಿ ಇರುವ ಜನ 2020ರ ಗಣತಿಯಲ್ಲಿ ಎರಡೂವರೆ ಸಾವಿರವನ್ನೂ ಮುಟ್ಟಿರಲಿಲ್ಲ, ನಮ್ಮ ಕಡೆಯ ಒಂದು ಸಣ್ಣ ಹಳ್ಳಿ ಅಂದುಕೊಳ್ಳಿ. ಬೇಸಿಗೆಯಲ್ಲಿ ಅಲ್ಲಿ ನಾಯಿಯೂ ಹೊರಗೆ ಬರುವುದಿಲ್ಲ. ಚಳಿಗಾಲ ಬಂತೋ, ಉತ್ತರದ ಹಿಮದ ಊರುಗಳಿಂದ ಆರ್‌ವಿ (ಒಳಗೇ ಮನೆಯಿರುವ ದೊಡ್ಡ ಗಾಡಿ), ವ್ಯಾನು, ಹಳೇ ಶಾಲಾ ಬಸ್ಸು, ಕೊನೆಗೆ ಸಣ್ಣ ಕಾರಿನಲ್ಲೇ ಮಲಗುವವರು ಕೂಡ ಬಂದು ಮರುಭೂಮಿ ತುಂಬಾ ಬೀಡು ಬಿಡುತ್ತಾರೆ. ಜನವರಿಯಲ್ಲಿ ದೊಡ್ಡ ಬಿಳಿ ಡೇರೆ ಹಾಕಿ ಆರ್‌ವಿ ಶೋ ನಡೆಸುತ್ತಾರೆ. ಪ್ರವೇಶ ಉಚಿತ, ಗಾಡಿ ನಿಲ್ಲಿಸುವುದಕ್ಕೂ ಕಾಸಿಲ್ಲ. ಉಳಿಯುವುದಕ್ಕೆ ಸುತ್ತಲಿರುವುದು ಕೇಂದ್ರ ಸರ್ಕಾರದ ಭೂಮಿ, ನೋಡಿಕೊಳ್ಳುವ ಇಲಾಖೆಯನ್ನು ಎಲ್ಲರೂ ಬಿಎಲ್‌ಎಂ ಅಂತಲೇ ಕರೆಯುತ್ತಾರೆ. ಕೆಲವು ಕಡೆ 14 ದಿನ ಪುಕ್ಕಟೆ ಇರಬಹುದು. ನೀರು, ಕಸದ ತೊಟ್ಟಿ ಇರುವ ಲಾ ಪೋಸಾ ಎಂಬ ಜಾಗದಲ್ಲಿ ಬಹಳ ವರ್ಷ ಇದ್ದ ದರ 14 ದಿನಕ್ಕೆ 40 ಡಾಲರ್, ಸೆಪ್ಟೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಪೂರ್ತಿ ಏಳು ತಿಂಗಳಿಗೆ 180 ಡಾಲರ್. ಒಂದು ಗಾಡಿಗೆ, ತಲೆ ಲೆಕ್ಕವಿಲ್ಲ. ಫ್ಲ್ಯಾಗ್‌ಸ್ಟಾಫ್‌ನಲ್ಲಿ ಆ ದುಡ್ಡಿಗೆ ಮೇಳದ ರಾತ್ರಿ ಒಂದು ರೂಮು ಸಿಕ್ಕರೆ ಪುಣ್ಯ.

ಅಲ್ಲೇ ಬಾಬ್ ವೆಲ್ಸ್ ಎಂಬುವರು ಸುಮಾರು ಹದಿನೈದು ವರ್ಷದ ಹಿಂದೆ ಶುರು ಮಾಡಿದ ರಬ್ಬರ್ ಟ್ರಾಂಪ್ ರಾಂಡೆವೂ ಅನ್ನುವ ಕೂಟವೂ ಇದೆ. ಬಾಡಿಗೆ ಕಟ್ಟಲಾಗದೆ ಗಾಡಿಯಲ್ಲೇ ಬದುಕುವವರಿಗೆ ದಾರಿ ಹೇಳಿಕೊಡುವುದು ಅದರ ಉದ್ದೇಶ. ಕಾಸಿಲ್ಲದೆ ಕಲಿಸುತ್ತಾರೆ. ಸೋಲಾರ್ ಹೇಗೆ ಜೋಡಿಸುವುದು, ಕಡಿಮೆ ದುಡ್ಡಲ್ಲಿ ಮಂಚ ಹೇಗೆ ಮಾಡುವುದು, ಬಕೆಟ್ಟನ್ನೇ ಶೌಚಾಲಯ ಮಾಡುವುದು ಹೇಗೆ, ಎಲ್ಲ. ಕೇಳುತ್ತಾ ನಿಂತವರಲ್ಲಿ ನಮ್ಮಂಥ ಶೋಕಿಗೆ ಬಂದವರೂ ಇರುತ್ತಾರೆ, ನಿಜಕ್ಕೂ ಮನೆ ಕಳೆದುಕೊಂಡವರೂ ಇರುತ್ತಾರೆ. ಇಂಥ ಕಡೆ ಮಕ್ಕಳನ್ನು ಕರೆದುಕೊಂಡು ಹೋಗೋದಾ ಅಂತ ನನ್ನಾಕೆ ಮೊದಲು ಹಿಂಜರಿದಳು. ಆಮೇಲೆ ಪಕ್ಕದ ವ್ಯಾನಿನ ಅಜ್ಜಿಯ ಜತೆ ಕೂತು ಚಹಾ ಕುಡಿಯುತ್ತಾ ಅರ್ಧ ದಿನ ಕಳೆದವಳೂ ಅವಳೇ.

(ಅಂದಹಾಗೆ ಕ್ವಾರ್ಟ್ಸೈಟ್‌ನ ಸ್ಮಶಾನದಲ್ಲಿ ಒಂದು ಕಲ್ಲಿನ ಪಿರಮಿಡ್ ಇದೆ, ತುದಿಯಲ್ಲಿ ಒಂಟೆಯ ಬೊಂಬೆ. 1850ರ ದಶಕದಲ್ಲಿ ಅಮೆರಿಕದ ಸೈನ್ಯ ಮರುಭೂಮಿ ದಾಟಲು ಒಂಟೆಗಳನ್ನು ತರಿಸಿತ್ತು. ಅವುಗಳ ಜತೆ ಬಂದ ಹಾಜಿ ಅಲಿಯ ಸಮಾಧಿ ಅದು. ಹೆಸರು ಬಾಯಿಗೆ ಬಾರದೆ ಇಲ್ಲಿನವರು ಹೈ ಜಾಲಿ ಮಾಡಿಬಿಟ್ಟರು. ಎಕ್ಸ್‌ಪೋದ ಗಾಡಿಗಳಿಗಿಂತ ಮೊದಲೇ ಈ ದಾರಿ ಸವೆಸಿದ ಮನುಷ್ಯ, ಹೋದರೆ ತಪ್ಪದೆ ನೋಡಿ.)

ಕ್ವಾರ್ಟ್ಸೈಟ್ ನೋಡಿದ ಮೇಲೆ ನನಗೆ ನೆನಪಾಗಿದ್ದು ನಮ್ಮ ಯಲ್ಲಮ್ಮನ ಗುಡ್ಡ. ನಾನು ನವಲಗುಂದದ ಕಡೆಯವನು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ದಾರಿ ಹಿಡಿದ ಚಕ್ಕಡಿಗಳನ್ನು ನೋಡಿದವರಿಗೆ ಓವರ್‌ಲ್ಯಾಂಡಿಂಗ್ ಅಂದರೇನು ಅಂತ ಬೇರೆ ಹೇಳಬೇಕಾಗಿಲ್ಲ. ಬಂಡಿಗೆ ಕೊಲ್ಲಾರಿ ಕಟ್ಟಿ, ಎತ್ತಿಗೆ ಮೇವು, ಮನೆಮಂದಿಗೆ ರೊಟ್ಟಿ, ಶೇಂಗಾ ಚಟ್ನಿ, ಪಾತ್ರೆ ಪಡಗ ಎಲ್ಲ ಹೇರಿಕೊಂಡು, ದಾರಿಯಲ್ಲಿ ಮರದ ಕೆಳಗೆ ಬಿಚ್ಚಿ, ಮೂರು ಕಲ್ಲು ಹೂಡಿ ಅಡುಗೆ ಮಾಡಿ, ಜೋಗುಳಬಾವಿಯಲ್ಲಿ ಮಿಂದು ಗುಡ್ಡ ಹತ್ತುವುದು. ಈಗ ಟ್ರ್ಯಾಕ್ಟರ್, ಟಾಟಾ ಏಸ್ ಜಾಸ್ತಿ, ಚಕ್ಕಡಿ ಕಡಿಮೆ. ಆದರೂ ಲೆಕ್ಕಾಚಾರ ಬದಲಾಗಿಲ್ಲ. ಬಂದವರು ಬಯಲಲ್ಲಿ ಬಿಡಾರ ಹೂಡುತ್ತಾರೆ, ಅಡುಗೆ ತಮ್ಮದೇ. ಜಾಗದ ಬಾಡಿಗೆ ಕೊಡುವುದು ಬಳೆ ಅಂಗಡಿಯವನು, ಬೆಂಡು ಬತ್ತಾಸಿನವನು, ತೊಟ್ಟಿಲು ತಿರುಗಿಸುವವನು. ಯಾಕೆಂದರೆ ಜನ ಬಂದರೆ ಲಾಭ ಅವರಿಗೆ.

ಊರಿನ ಜಾತ್ರೆಯನ್ನು ಸುಮ್ನೆ ಹೊಗಳುತ್ತಿಲ್ಲ. ಧೂಳು, ನೀರಿಗೆ ಪರದಾಟ, ಶೌಚಾಲಯದ ಗತಿ ಹೆಣ್ಣುಮಕ್ಕಳನ್ನೇ ಕೇಳಬೇಕು. ಹರಕೆ ಅಂತ ಸಾಲ ಮಾಡಿ ಜಾತ್ರೆ ಮಾಡುವ ಮನೆಗಳನ್ನೂ ನೋಡಿದ್ದೇನೆ. ಎಕ್ಸ್‌ಪೋದಲ್ಲಿ ಶೌಚಾಲಯ ಚೊಕ್ಕಟ, ಆಂಬುಲೆನ್ಸ್ ಸಿದ್ಧ, ಯಾವ ಗಾಡಿ ಎಲ್ಲಿ ನಿಲ್ಲಬೇಕು ಅನ್ನುವುದಕ್ಕೂ ಗೆರೆ ಎಳೆದಿರುತ್ತಾರೆ. ಆ ಶಿಸ್ತಿಗೆ ದುಡ್ಡು ಬೇಕು, ಒಪ್ಪಿದೆ.

ಇಲ್ಲೇ ನನ್ನ ಗೆಳೆಯನೊಬ್ಬ ಜಗಳಕ್ಕೆ ನಿಲ್ಲುತ್ತಾನೆ. ಮೈಸೂರಿನವನು, ಟೊಯೋಟಾ ಫೋರ್‌ರನ್ನರ್ ಎಂಬ ಜೀಪಿನಂಥ ದೊಡ್ಡ ಗಾಡಿ ಇಟ್ಟುಕೊಂಡವನು. "ಪಾರ್ಕಿನ ಬಾಡಿಗೆ, ಇನ್ಶೂರೆನ್ಸು, ಸೆಕ್ಯುರಿಟಿ ಎಲ್ಲ ಯಾರಪ್ಪ ಕೊಡ್ತಾರೆ? ಪುಕ್ಕಟೆ ಬಿಟ್ಟರೆ ನೂಕುನುಗ್ಗಲು ಆಗಿ ಪಾಠ ಕೇಳೋಕೆ ಬಂದವರಿಗೇ ಜಾಗ ಇರಲ್ಲ" ಅನ್ನುತ್ತಾನೆ. ಅವನ ಮಾತಲ್ಲಿ ಅರ್ಧ ಸತ್ಯ ಇದೆ. ಪಾಠಕ್ಕೆ, ಗಾಡಿ ಓಡಿಸುವ ತರಬೇತಿಗೆ ದುಡ್ಡು ತಗೊಳ್ಳಲಿ, ಮೇಷ್ಟ್ರಿಗೆ ಸಂಬಳ ಬೇಡವೇ? ಆದರೆ ಮಳಿಗೆ ನೋಡಲು ಬರುವ ಸಂಸಾರದ ಹತ್ತಿರವೂ ಯಾಕೆ? ಅದು ಜಾಹೀರಾತು ನೋಡಲು ನಾವೇ ದುಡ್ಡು ಕೊಟ್ಟ ಹಾಗಲ್ವಾ. ಮಳಿಗೆಯವರು ಜಾಗದ ಬಾಡಿಗೆ ಕೊಟ್ಟೇ ಬಂದಿರುತ್ತಾರೆ, ಅವರಿಗೆ ಬೇಕಾದ್ದು ಜನ. ಕ್ವಾರ್ಟ್ಸೈಟ್‌ನ ಡೇರೆ ಅದೇ ಲೆಕ್ಕದ ಮೇಲೆ ವರ್ಷ ವರ್ಷ ನಡೆಯುತ್ತಿದೆ, ಮುಳುಗಿಲ್ಲ.

ಶುಕ್ರವಾರ, ಶನಿವಾರ ಟಿಕೆಟ್ ಇರಲಿ ಬಿಡಿ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮಳಿಗೆಗಳವರು ಹೇಗೂ ಗಂಟುಮೂಟೆ ಕಟ್ಟುವ ಯೋಚನೆಯಲ್ಲಿರುತ್ತಾರೆ, ಆ ಒಂದು ದಿನ ಗಾಡಿಗಿಷ್ಟು ಅಂತ ಸಣ್ಣ ದರ ಇಡಲಿ. ಒಳಗೆ ಎಷ್ಟು ಜನ ಕೂತಿದ್ದರೂ ಸರಿ, ಮಿನಿವ್ಯಾನಿನಲ್ಲಿ ಅಜ್ಜಿಯೂ ಬರಲಿ. ಒಂದು ಮೂಲೆಯಲ್ಲಿ ಮಾಮೂಲಿ ಕಾರು, ನೂರು ಡಾಲರಿನ ಟೆಂಟು, ಒಂದು ಗ್ಯಾಸ್ ಒಲೆ ಇಟ್ಟು ಇಷ್ಟರಲ್ಲೇ ಹೊರಡಬಹುದು ಅಂತ ತೋರಿಸುವ ಒಂದೇ ಒಂದು ಮಳಿಗೆ ಇರಲಿ. ಅಲ್ಲಿ ಮಾರಲು ಏನೂ ಇರುವುದಿಲ್ಲ, ಹಾಗಾಗಿ ಯಾರೂ ಹಾಕುವುದಿಲ್ಲ. ಮೇಳ ನಡೆಸುವವರೇ ಹಾಕಬೇಕು.

ಅಷ್ಟರವರೆಗೆ ನಮ್ಮ ದಾರಿ ನಾವು ನೋಡಿಕೊಳ್ಳಬೇಕು, ದಾರಿ ಇದೆ ಕೂಡ. ಫ್ಲ್ಯಾಗ್‌ಸ್ಟಾಫ್ ಸುತ್ತ ಇರುವುದು ಕೊಕೊನಿನೊ ನ್ಯಾಷನಲ್ ಫಾರೆಸ್ಟ್. ಊರಿಗೆ ತೀರಾ ಹತ್ತಿರ ಕೆಲವು ಕಡೆ ಬೀಡು ಬಿಡುವಂತಿಲ್ಲ, ಅದನ್ನು ದಾಟಿ ಹೋದರೆ ಎರಡು ವಾರ ಪುಕ್ಕಟೆ ಟೆಂಟ್ ಹಾಕಿಕೊಂಡಿರಬಹುದು. ಮೇ ತಿಂಗಳಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಸೌದೆ ಬೆಂಕಿ ಹಾಕಬಾರದು ಅಂತ ಆದೇಶ ಬರುವುದುಂಟು. ಆಗಲೂ ತಿರುಗಣೆ ತಿರುಗಿಸಿ ಆರಿಸಬಹುದಾದ ಗ್ಯಾಸ್ ಒಲೆಗೆ ಸಾಮಾನ್ಯವಾಗಿ ಅಡ್ಡಿ ಇರುವುದಿಲ್ಲ, ಅಂದರೆ ಒಗ್ಗರಣೆಗೆ ತೊಂದರೆ ಇಲ್ಲ. ಹೊರಡುವ ಮುಂಚೆ ಅರಣ್ಯ ಇಲಾಖೆಯ ಆ ವಾರದ ನಿಯಮ ಒಮ್ಮೆ ನೋಡಿಕೊಳ್ಳಿ. ಮಗು ನಾಲ್ಕನೇ ಕ್ಲಾಸಿನಲ್ಲಿದ್ದರೆ ಎವ್ರಿ ಕಿಡ್ ಔಟ್‌ಡೋರ್ಸ್ ಅನ್ನುವ ಉಚಿತ ಪಾಸ್ ಮಾಡಿಸಿ. ಆ ಒಂದು ಮಗುವಿನ ಹೆಸರಲ್ಲಿ ಗಾಡಿಯಲ್ಲಿರುವ ಮನೆಯವರೆಲ್ಲ ವರ್ಷಪೂರ್ತಿ ರಾಷ್ಟ್ರೀಯ ಉದ್ಯಾನಗಳಿಗೆ ಹೋಗಬಹುದು, ಗ್ರ್ಯಾಂಡ್ ಕ್ಯಾನ್ಯನ್ ಕೂಡ ಸೇರಿ. ನಮ್ಮ ಜನರಲ್ಲಿ ಇದು ಗೊತ್ತಿರುವವರು ಕಡಿಮೆ. ಐದನೇ ಕ್ಲಾಸಿಗೆ ಹೋದ ಮೇಲೆ ಕೇಳಿದರೆ ಸಿಗಲ್ಲ.

ಬರುವ ಜನವರಿಗೆ ನಾಲ್ಕು ಮನೆಯವರು ಸೇರಿ ಕ್ವಾರ್ಟ್ಸೈಟ್‌ಗೆ ಹೋಗುವುದು ಅಂತ ಮಾತಾಗಿದೆ. ಎರಡು ಮಿನಿವ್ಯಾನು, ಒಂದು ಹಳೇ ಕ್ಯಾಮ್ರಿ ಕಾರು, ಮತ್ತು ಫೋರ್‌ರನ್ನರ್ ಗೆಳೆಯ. ದೊಡ್ಡ ಕುಕ್ಕರ್, ಒಲೆ ಅವನ ಗಾಡಿಯಲ್ಲಿ ಹೇರುವುದು ಅಂತ ಈಗಲೇ ತೀರ್ಮಾನ ಆಗಿದೆ, ಜಾಗ ಜಾಸ್ತಿ ಇರುವುದು ಅವನದರಲ್ಲೇ ಅಲ್ವಾ.