ಬಿಎಸ್‌ಎಲ್‌-3 ಕಟ್ಟಿದರೆ ಸಾಕಾಗುವುದಿಲ್ಲ

ಬಿಎಸ್‌ಎಲ್‌-3, ಅಂದರೆ ಅಪಾಯಕಾರಿ ರೋಗಾಣುಗಳ ಜೊತೆ ಕೆಲಸ ಮಾಡಲು ಕಟ್ಟುವ ಹೆಚ್ಚು ಸುರಕ್ಷತೆಯ ಲ್ಯಾಬ್‌ಗಳು ಹೆಚ್ಚಾದರೆ ಉಸಿರಾಟದ ವೈರಸ್‌ಗಳು ಹೊರಗೆ ಬರುವ ಭಯವೇ ಇರುವುದಿಲ್ಲ ಎಂದು ಹೊಸ ಲ್ಯಾಬ್‌ಗಳ ಬಗೆಗಿನ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಇದನ್ನು ಒಪ್ಪಲು ಆಗುತ್ತಿಲ್ಲ.

2004ರಲ್ಲಿ ಬೀಜಿಂಗ್‌ನಲ್ಲಿ ಸಾರ್ಸ್ (ಕೋವಿಡ್‌ನಂತೆಯೇ ವೈರಸ್‌ನಿಂದ ಬರುವ ಉಸಿರಾಟದ ಕಾಯಿಲೆ) ಹಬ್ಬಿದ್ದು ವೈರಾಲಜಿ ಸಂಸ್ಥೆಯ ಲ್ಯಾಬ್‌ನಿಂದಲೇ. ವೈರಸ್ ಸತ್ತಿದೆ ಅಂದುಕೊಂಡು ಸಾಮಾನ್ಯ ಲ್ಯಾಬ್‌ಗೆ ತಂದರು. ನಿಜವಾಗಿ ಸತ್ತಿದೆಯಾ ಅಂತ ಸರಿಯಾಗಿ ನೋಡಿರಲಿಲ್ಲ. 9 ಜನರಿಗೆ ಸೋಂಕು ತಗುಲಿತು. ಆ ಲ್ಯಾಬ್‌ನಲ್ಲಿ ಸೋಂಕು ತಗುಲಿದ್ದ ವಿದ್ಯಾರ್ಥಿನಿಯ ಆರೈಕೆ ಮಾಡಿದ ಅವಳ ಅಮ್ಮ ತೀರಿಕೊಂಡರು. ಆ ತಾಯಿಗೂ ಲ್ಯಾಬ್‌ಗೂ ಏನು ಸಂಬಂಧ ಹೇಳಿ? ಅದಕ್ಕೂ ಮೊದಲು, 2003ರ ಡಿಸೆಂಬರ್‌ನಲ್ಲಿ, ತೈವಾನ್‌ನ ಸಂಶೋಧಕರೊಬ್ಬರಿಗೆ ಸಾರ್ಸ್ ತಗುಲಿದ್ದು ಇನ್ನೂ ಹೆಚ್ಚು ಸುರಕ್ಷತೆಯ ಬಿಎಸ್‌ಎಲ್‌-4ರಲ್ಲಿ, ಚೆಲ್ಲಿದ ತ್ಯಾಜ್ಯ ಒರೆಸುವಾಗ.

ಕೋವಿಡ್ ಸಮಯದಲ್ಲಿ ನಾನು ಒಂದು ಟೆಸ್ಟಿಂಗ್ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಸ್ಯಾಂಪಲ್‌ಗಳ ಸೋಂಕು ನಮಗೆ ತಾಗದಂತೆ ಅವನ್ನು ಒಳಗಿಟ್ಟು ಕೆಲಸ ಮಾಡುವ ಪೆಟ್ಟಿಗೆ, ಸೇಫ್ಟಿ ಕ್ಯಾಬಿನೆಟ್, ಹೊಚ್ಚ ಹೊಸದು. ಆದರೆ ಸ್ಯಾಂಪಲ್‌ಗಳು ರಾಶಿ ಬಿದ್ದಾಗ ಅದರ ಮುಂದಿನ ಜಾಲರಿ ಮೇಲೆ ನಾವೇ ಟಿಶ್ಯೂ, ಟಿಪ್ ಬಾಕ್ಸ್ ಇಟ್ಟುಬಿಡುತ್ತಿದ್ದೆವು. ಗಾಳಿಯನ್ನು ಒಳಗೆ ಎಳೆದುಕೊಳ್ಳುವುದೇ ಆ ಜಾಲರಿ. ಅದು ಮುಚ್ಚಿದರೆ ಒಳಗಿನ ಗಾಳಿ ನಮ್ಮ ಮುಖಕ್ಕೇ ಬರಬಹುದು, ಅಲ್ವಾ? ಹಿರಿಯ ಮೇಡಂ ಒಬ್ಬರು ಪ್ರತಿ ಶಿಫ್ಟ್‌ನಲ್ಲೂ ಬಂದು ಎಲ್ಲ ತೆಗೆಸುತ್ತಿದ್ದರು. ಸೆಂಟ್ರಿಫ್ಯೂಜ್ (ಸ್ಯಾಂಪಲ್ ಟ್ಯೂಬ್‌ಗಳನ್ನು ವೇಗವಾಗಿ ತಿರುಗಿಸುವ ಯಂತ್ರ) ನಿಂತ ತಕ್ಷಣ ಮುಚ್ಚಳಕ್ಕೆ ಕೈ ಹಾಕಿದರೆ, "10 ನಿಮಿಷ ತಡಿ ಮಾರಾಯ, ಒಳಗೆ ಟ್ಯೂಬ್ ಒಡೆದಿದ್ರೆ?" ಅನ್ನುತ್ತಿದ್ದರು. ಒಡೆದಿದ್ದರೆ ಗಾಳಿಯಲ್ಲಿ ತೇಲುವ ಸಣ್ಣ ಹನಿಗಳು ಕೆಳಗೆ ಕೂರಲಿ ಅಂತ. ಆಗ ಸಿಟ್ಟು ಬರುತ್ತಿತ್ತು. ನಮ್ಮನ್ನು ಕಾಪಾಡಿದ್ದು ಅವರೇ ಅಂತ ಈಗ ಅನಿಸುತ್ತದೆ.

ಹೊಸ ಲ್ಯಾಬ್‌ಗಳಿಗೆ ಹಣ ಕೇಳುವಾಗ ಇಂಥ ಒಬ್ಬರ ಕಾಯಂ ಹುದ್ದೆಯನ್ನೂ ಸೇರಿಸಿ ಕೇಳಬೇಕು. ಲೇಖನದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.